ಕಾರ್ಬೋರೇಟರ್ ಇಳಿಸಿದ ಚಳಿಗಾಲ: ಪೆಟ್ರೋಲ್ ಇಂಜೆಕ್ಷನ್ನಿನ ಕಥೆ

ಕಳೆದ ಚಳಿಗಾಲ ಸಂಘದ ನಾಟಕದ ತಾಲೀಮಿಗೆ ನಾವು ನಾಲ್ವರು ಸರಿಯಾಗಿ ಬರಲಿಲ್ಲವೆಂಬ ದೂರು ಇನ್ನೂ ಇದೆ. ಬಂದ ದಿನವೂ ಮೈಯೆಲ್ಲ ಪೆಟ್ರೋಲ್ ವಾಸನೆ ಎಂದು ಮಹಿಳಾ ಸದಸ್ಯರು ದೂರ ಕೂತದ್ದು ಎಲ್ಲರಿಗೂ ಗೊತ್ತು. ಆ ದೂರಿಗೆ ಇದು ನಮ್ಮ ಸಮಜಾಯಿಷಿ. ಶಾರ್ಜಾದ ಒಂದು ಹಳೆಯ ವಿಲ್ಲಾದ ಅಂಗಳದಲ್ಲಿ ನಾವು ಆರು ವಾರಗಳ ರಜೆಯ ದಿನಗಳನ್ನೆಲ್ಲ ಒಂದು ಹಳೆಯ ಫೋರ್ ವ್ಹೀಲ್ ಗಾಡಿಯ ಬಾನೆಟ್ ಕೆಳಗೆ ಕಳೆದೆವು. ಅದರ ಕಾರ್ಬೋರೇಟರ್ ಇಳಿಸಿ ಪೆಟ್ರೋಲ್ ಇಂಜೆಕ್ಷನ್ ಕೂರಿಸುವುದು ನಮ್ಮ ಕೆಲಸ.

ಗಾಡಿ ಕುಂದಾಪುರದ ನಮ್ಮ ಅಣ್ಣನದು. ಎಪ್ಪತ್ತರ ಸಮೀಪದ ಅವರನ್ನು ಸಂಘದಲ್ಲಿ ಎಲ್ಲರೂ ಅಣ್ಣ ಎಂದೇ ಕರೆಯುವುದು. ಜಪಾನಿನ ಗಾಡಿ, ಸಾಲಾಗಿ ಆರು ಸಿಲಿಂಡರ್, 4.2 ಲೀಟರ್ ಎಂಜಿನ್. ಹೆಸರು ಹೇಳಬೇಕಿಲ್ಲ, ಮರಳಿಗೆ ಹೋಗುವವರಿಗೆ ಇಷ್ಟು ಸಾಕು. ಅಣ್ಣ ಅದನ್ನು 1991ರಲ್ಲಿ ಕೊಂಡರು. ಊರಿಂದ ಅತ್ತಿಗೆ ಮೊದಲ ಸಲ ಬಂದಿಳಿದಾಗ ವಿಮಾನ ನಿಲ್ದಾಣದಿಂದ ಮನೆಗೆ ಕರೆತಂದದ್ದು ಅದರಲ್ಲಿ. ಈಗ ಅವರು ಊರಿಗೆ ಹೊರಟಿದ್ದಾರೆ. ಎಡಗಡೆ ಸ್ಟಿಯರಿಂಗಿನ ಗಾಡಿಯನ್ನು ಊರಿಗೆ ಒಯ್ದು ಓಡಿಸುವಂತಿಲ್ಲ. ನಾವು ಇಟ್ಟುಕೊಳ್ಳುತ್ತೇವೆ ಎಂದೆವು. ಆದರೆ ಮುಲ್ಕಿಯಾ ನವೀಕರಣದ ಪರೀಕ್ಷೆಯಲ್ಲಿ ಹೊಗೆ ಹೆಚ್ಚು ಎಂದು ಗಾಡಿ ಎರಡು ಸಲ ಫೇಲಾಯಿತು. (ಗಾಡಿಯ ನೋಂದಣಿ ಕಾರ್ಡಿಗೆ ಇಲ್ಲಿ ಮುಲ್ಕಿಯಾ ಎನ್ನುತ್ತಾರೆಂದು ಮೂಲ್ಕಿಯ ಹೊಸಬರೊಬ್ಬರಿಗೆ ಹೇಳಿದಾಗ ಅವರು ತಮ್ಮ ಊರಿಗೇನೋ ಸಂಬಂಧವಿದೆ ಎಂದು ಹಿಗ್ಗಿದ್ದರು.) ಕಾರ್ಬೋರೇಟರಿನ ಒಳಗಿನ ಶಾಫ್ಟ್ ಸವೆದು ಪಕ್ಕದಿಂದ ಗಾಳಿ ಎಳೆಯುತ್ತಿತ್ತು. ಅದನ್ನು ಬಿಚ್ಚಿ ಹೊಂದಿಸಬಲ್ಲ ಉಸ್ತಾದರು ಸನಾಯಾದಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ನಮಗೆ ಗೊತ್ತಿದ್ದ ಕೊನೆಯವರು ಅಂಗಡಿ ಮುಚ್ಚಿ ಊರಿಗೆ ಹೋಗಿಬಿಟ್ಟಿದ್ದರು. ಹೀಗಾಗಿ ಗಾಡಿ ಗುಜರಿಗೆ ಹೋಗಬೇಕು, ಇಲ್ಲವೇ ಇಂಜೆಕ್ಷನ್ ಆಗಬೇಕು ಎಂಬ ಪರಿಸ್ಥಿತಿ ಬಂತು.

ಕಾರ್ಬೋರೇಟರ್ ಮಾಡುವ ಕೆಲಸ ಸರಳವಾದದ್ದು. ಎಂಜಿನ್ ಗಾಳಿ ಎಳೆಯುತ್ತದೆ. ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಪಕ್ಕದ ಪುಟ್ಟ ತೊಟ್ಟಿಯಲ್ಲಿ ತೇಲುವ ಫ್ಲೋಟ್ ಒಂದೇ ಮಟ್ಟದಲ್ಲಿ ಹಿಡಿದಿಟ್ಟ ಪೆಟ್ರೋಲ್ ಆಗ ಜೆಟ್ಟಿನ ತೂತಿನಿಂದ ಮೇಲೆದ್ದು ಗಾಳಿಯೊಡನೆ ಸೇರುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಇದ್ದರೆ ಪೂರ್ತಿ ಉರಿಯುತ್ತದೆ. ಆದರೆ ಜೆಟ್ಟಿನ ತೂತಿಗೆ ಹೊರಗಿನ ಬಿಸಿಲು ಗೊತ್ತಿಲ್ಲ. 50 ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ಹತ್ತಿರ ಹತ್ತಿರ ನೂರಕ್ಕೆ ಹತ್ತರಷ್ಟು ತೆಳು. ಜನವರಿಯಲ್ಲಿ ಸರಿಯಾಗಿ ಹೊಂದಿಸಿದ ಕಾರ್ಬೋರೇಟರ್ ಜುಲೈಯಲ್ಲಿ ಪೆಟ್ರೋಲ್ ಜಾಸ್ತಿ ಕೊಟ್ಟು ಕಪ್ಪು ಹೊಗೆ ಬಿಡುತ್ತದೆ. ಅದು ಸಾಲದೆಂಬಂತೆ ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಎಂಜಿನ್ ಪಕ್ಕದ ಪಂಪ್ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತಿರುತ್ತದೆ. ಹೀರುವ ಪೈಪಿನಲ್ಲಿ ಒತ್ತಡ ಕಡಿಮೆ, ಆದ್ದರಿಂದ ಅಲ್ಲಿ ಬೇಗ ಆವಿ ಕಟ್ಟುತ್ತದೆ. ಗಾಡಿ ನಿಲ್ಲುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಅಂಬಾಸಿಡರ್ ನಿಲ್ಲಿಸಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದ ಚಾಲಕರನ್ನು ನೋಡಿದವರಿಗೆ ಈ ರೋಗ ಪರಿಚಿತ. ಅಣ್ಣನ ಗಾಡಿಯಲ್ಲೂ ಒಂದು ಹಳೆಯ ಬೈರಾಸು ಸದಾ ಇರುತ್ತಿತ್ತು.

ಮರಳಿನಲ್ಲಿ ಮೂರನೆಯ ತೊಂದರೆ. ದಿಬ್ಬದ ನೆತ್ತಿ ಏರಿ ಮೂತಿ ಕೆಳಗೆ ಮಾಡಿ ಧುಮುಕುವ ಕ್ಷಣದಲ್ಲಿ ಎಂಜಿನ್ ಗಕ್ಕನೆ ಉಸಿರು ಕಟ್ಟುತ್ತದೆ. ತೊಟ್ಟಿಯ ಪೆಟ್ರೋಲ್ ಒಂದು ಕಡೆಗೆ ಸರಿದಿರುತ್ತದೆ, ಫ್ಲೋಟಿಗೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ನಮಗೆ ಇದು ಒಂದು ಸೆಕೆಂಡಿನ ಗಾಬರಿ ಅಷ್ಟೆ. ಇದೇ ದೋಷಕ್ಕೆ 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಪೈಲಟ್‌ಗಳ ಪ್ರಾಣವೇ ಪಣವಾಗಿತ್ತು.

ಬ್ರಿಟಿಷರ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನ್ನಿಗೆ ಕಾರ್ಬೋರೇಟರ್ ಇತ್ತು. ಎದುರಾಳಿ ಮೆಸ್ಸರ್‌ಸ್ಮಿಟ್ 109ರ ಡೈಮ್ಲರ್ ಬೆಂಜ್ ಎಂಜಿನ್ನಿಗೆ ನೇರ ಇಂಜೆಕ್ಷನ್ ಇತ್ತು. ಜರ್ಮನ್ ಪೈಲಟ್ ಮೂತಿ ಕೆಳಗೆ ಮಾಡಿ ಧುಮುಕಿ ತಪ್ಪಿಸಿಕೊಳ್ಳುತ್ತಿದ್ದ. ಬೆನ್ನಟ್ಟಿದ ಬ್ರಿಟಿಷ್ ಪೈಲಟ್ ಹಾಗೇ ಧುಮುಕಿದರೆ ಎಂಜಿನ್ ಮೊದಲು ಪೆಟ್ರೋಲ್ ಸಿಗದೆ ಉಗ್ಗುತ್ತಿತ್ತು, ಮರುಕ್ಷಣ ಪೆಟ್ರೋಲ್ ನುಗ್ಗಿ ಬಂದು ಮುಳುಗಿ ಕೆಡುತ್ತಿತ್ತು. ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಇದಕ್ಕೆ ಕೊಟ್ಟ ಮದ್ದು ನಡುವೆ ತೂತಿರುವ ಒಂದು ಪುಟ್ಟ ಲೋಹದ ತುಂಡು. ಎಂಜಿನ್ ಪೂರ್ಣ ಶಕ್ತಿಯಲ್ಲಿ ಓಡಲು ಎಷ್ಟು ಪೆಟ್ರೋಲ್ ಬೇಕೋ ಅಷ್ಟೇ ಹಾಯುವಂತೆ ಅಳೆದ ತೂತು. ವಿಮಾನಗಳನ್ನು ಕಾರ್ಖಾನೆಗೆ ಕಳಿಸಬೇಕಾಗಿರಲಿಲ್ಲ. 1941ರಲ್ಲಿ ಆಕೆ ಮತ್ತು ಆಕೆಯ ತಂಡ ವಾಯುನೆಲೆಗಳಿಗೇ ಹೋಗಿ ಅದನ್ನು ಕೂರಿಸಿತು. ಈ ಮಹಿಳೆ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಗಂಟೆಗೆ 100 ಮೈಲಿಗೂ ಮೀರಿ ಮೋಟಾರ್ ಸೈಕಲ್ ಓಡಿಸಿದ್ದವರು. ಹಳೆಯ ಯಂತ್ರವನ್ನು ಇದ್ದ ಜಾಗದಲ್ಲೇ ಸುಧಾರಿಸಲು ಹೊರಡುವ ಎಲ್ಲರಿಗೂ ಆಕೆ ಹಿರಿಯಕ್ಕ ಎಂದು ನಾವು ಭಾವಿಸುತ್ತೇವೆ. ಆದರೆ ತೂತಿನ ತುಂಡು ಪೂರ್ಣ ಪರಿಹಾರವಲ್ಲ. ಎಂಜಿನ್ ಮುಳುಗುವುದು ತಪ್ಪಿತು, ಉಗ್ಗುವುದು ಉಳಿಯಿತು.

ಜರ್ಮನರಿಗೆ ಇಂಜೆಕ್ಷನ್ ಸಿದ್ಧವಾಗಿದ್ದುದು ಡೀಸೆಲ್ಲಿನ ದೆಸೆಯಿಂದ. ರಾಬರ್ಟ್ ಬಾಷ್ ಕಂಪನಿ 1927ರಿಂದಲೇ ಲಾರಿ ಎಂಜಿನ್‌ಗಳಿಗೆ ಡೀಸೆಲ್ ಪಂಪ್ ತಯಾರಿಸುತ್ತಿತ್ತು. ಇಲ್ಲಿ ಕನ್ನಡಿಗರಾದ ನಮಗೂ ಒಂದು ಎಳೆ ಸಿಗುತ್ತದೆ. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೆಲ್ಲರ ಬಾಯಲ್ಲಿ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಇಂಜೆಕ್ಷನ್ ಪಂಪ್‌ಗಳನ್ನು ಮಾಡತೊಡಗಿತು. 2008ರಲ್ಲಿ ಹೆಸರು ಬಾಷ್ ಎಂದಾದರೂ ಬಡಾವಣೆಯ ಹೆಸರಿನಲ್ಲಿ ಮೈಕೋ ಉಳಿದಿದೆ. ಹೀಗೆ ಇಂಜೆಕ್ಷನ್ ಎನ್ನುವುದು ಕರ್ನಾಟಕಕ್ಕೆ ಕಂಪ್ಯೂಟರಿನ ಜೊತೆ ಬಂದ ಹೊಸ ಮಾತಲ್ಲ. ಹೆದ್ದಾರಿಯ ಪಕ್ಕದ ಊರುಗಳಲ್ಲೆಲ್ಲ ‘ಪಂಪ್ ನಾಝಲ್ ಸರ್ವಿಸ್’ ಬೋರ್ಡಿನ ಅಂಗಡಿಗಳಿದ್ದವು. ನಮ್ಮಲ್ಲಿ ಹಾಸನದವರೊಬ್ಬರು ಅಂಥ ಅಂಗಡಿಯ ಹಿಂದಿನ ಮನೆಯಲ್ಲೇ ಬೆಳೆದವರು. ಲೈನಿನಲ್ಲಿ ಗಾಳಿ ಸೇರಿದರೆ ಲಾರಿ ಏಳುವುದಿಲ್ಲ, ನಾಝಲ್ ತೊಟ್ಟಿಕ್ಕಬಾರದು, ಮಂಜಿನ ಹಾಗೆ ಚಿಮ್ಮಬೇಕು ಎಂಬುದು ಅವರಿಗೆ ಬಾಲಪಾಠ. ಈ ಆರು ವಾರಗಳಲ್ಲಿ ನಮ್ಮಲ್ಲಿ ಎಂಜಿನಿಯರಿಂಗ್ ಓದಿದವರಿಗಿಂತ ಹೆಚ್ಚು ಉಪಕಾರವಾದದ್ದು ಅವರಿಂದ.

ಯುದ್ಧದ ನಂತರ ಈ ವಿದ್ಯೆ ಕಾರಿಗೆ ಬಂತು. 1954ರ ಮರ್ಸಿಡಿಸ್ 300 ಎಸ್ಎಲ್, ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲಿನ ಕಾರು, ಬಾಷ್ ಪಂಪಿನಿಂದ ಸಿಲಿಂಡರಿನೊಳಕ್ಕೇ ಪೆಟ್ರೋಲ್ ಚಿಮ್ಮಿಸುತ್ತಿತ್ತು. ಕೀ ತಿರುಗಿಸಿ ಆಫ್ ಮಾಡಿದ ಮೇಲೂ ಎಂಜಿನ್ ಪೂರ್ತಿ ನಿಲ್ಲುವ ತನಕ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತಿದ್ದುದರಿಂದ ಅದು ಆಯಿಲಿಗೆ ಸೇರುತ್ತಿತ್ತು. ಪದೇ ಪದೇ ಆಯಿಲ್ ಬದಲಿಸಬೇಕು. ಶ್ರೀಮಂತರ ಕಾರು, ಬದಲಿಸಿದರು.

ನಮಗೆ ಬಹಳ ಇಷ್ಟವಾದ ಅಧ್ಯಾಯ ಇದರ ನಂತರದ್ದು, ಸೋಲಿನ ಅಧ್ಯಾಯ. ಅಮೆರಿಕದ ಬೆಂಡಿಕ್ಸ್ ಕಂಪನಿ 1957ರಲ್ಲಿ ಎಲೆಕ್ಟ್ರೋಜೆಕ್ಟರ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಪಂಪಿನ ಹಲ್ಲುಗಳ ಬದಲು ವಿದ್ಯುತ್ತಿನಿಂದ ತೆರೆದು ಮುಚ್ಚುವ ಇಂಜೆಕ್ಟರ್‌ಗಳು. ಎಷ್ಟು ಹೊತ್ತು ತೆರೆದಿರಬೇಕೆಂದು ಲೆಕ್ಕ ಹಾಕುವುದು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಇಂದಿನ ಎಲ್ಲ ಪೆಟ್ರೋಲ್ ಗಾಡಿಗಳ ತತ್ವ ಇದೇ. ಕ್ರೈಸ್ಲರ್ 1958ರ ಸುಮಾರು 35 ಕಾರುಗಳಿಗೆ ಅದನ್ನು ಹಾಕಿತು. ಆದರೆ ಆ ಕಾಲದ ಎಲೆಕ್ಟ್ರಾನಿಕ್ ಬಿಡಿಭಾಗಗಳು ಎಂಜಿನ್ನಿನ ಕಾವು, ಅದುರು ತಾಳಲಿಲ್ಲ. ಆ ಕಾರುಗಳಲ್ಲಿ ಹೆಚ್ಚಿನವು ಗ್ಯಾರೇಜಿಗೆ ವಾಪಸು ಬಂದು ಇಂಜೆಕ್ಷನ್ ಕಳಚಿಕೊಂಡು ಕಾರ್ಬೋರೇಟರ್ ಹಾಕಿಸಿಕೊಂಡು ಹೋದವು. ನಾವು ಮಾಡಿದ ಕೆಲಸದ ಪೂರಾ ಉಲ್ಟಾ! ಅಣ್ಣ ಇದನ್ನು ಕೇಳಿ ಮೊದಲ ವಾರವೆಲ್ಲ ನಮ್ಮನ್ನು ಛೇಡಿಸಿದರು. ಕಳಚಿದ ಕಾರ್ಬೋರೇಟರನ್ನು ಎಸೆಯಲು ಬಿಡದೆ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಏರಿಸಿದರು. ‘ಬೇಕಾತ್ತ್’ ಎಂದರು.

ಬೆಂಡಿಕ್ಸ್ ಪೇಟೆಂಟಿನ ಹಕ್ಕು ಬಾಷ್‌ಗೆ ಹೋಯಿತು. ಅಷ್ಟರಲ್ಲಿ ಟ್ರಾನ್ಸಿಸ್ಟರ್ ಸುಧಾರಿಸಿತ್ತು, ಕ್ಯಾಲಿಫೋರ್ನಿಯಾ ಕಾರುಗಳ ಹೊಗೆಗೆ ಮಿತಿ ಹಾಕತೊಡಗಿತ್ತು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದ ಡಿ-ಜೆಟ್ರಾನಿಕ್ ಗೆದ್ದಿತು. ಡಿ ಎಂದರೆ ಜರ್ಮನ್ ಭಾಷೆಯ ‘ಡ್ರುಕ್’, ಒತ್ತಡ. ಎಂಜಿನ್ನಿನ ಗಾಳಿಕೊಳವೆಯ ಒತ್ತಡ ನೋಡಿ ಅದು ಗಾಳಿಯನ್ನು ಅಂದಾಜು ಮಾಡುತ್ತಿತ್ತು. 1974ರ ಎಲ್-ಜೆಟ್ರಾನಿಕ್‌ನಲ್ಲಿ ಎಲ್ ಎಂದರೆ ‘ಲುಫ್ಟ್’, ಗಾಳಿ. ಅಂದಾಜು ಬಿಟ್ಟು ಒಳಬರುವ ಗಾಳಿಯನ್ನೇ ಅಳೆಯಿತು. 1976ರಲ್ಲಿ ವೋಲ್ವೋ ಕಾರುಗಳಲ್ಲಿ ಆಕ್ಸಿಜನ್ ಸೆನ್ಸರ್ ಬಂತು. ಹೊರಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡಿ ಪೆಟ್ಟಿಗೆಗೆ ‘ಹೆಚ್ಚಾಯಿತು’, ‘ಕಡಿಮೆಯಾಯಿತು’ ಎಂದು ಹೇಳುವ ಕಡ್ಡಿ ಅದು. ಆ ತನಕ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿ ಹೇಳುತ್ತಿದ್ದುದು ಮೆಕ್ಯಾನಿಕ್ಕಿನ ಕಣ್ಣು.

ಹಾಗಾದರೆ 1991ರಲ್ಲಿ ಕೊಂಡ ಅಣ್ಣನ ಗಾಡಿಗೆ ಕಾರ್ಬೋರೇಟರ್ ಯಾಕಿತ್ತು? ಕಾನೂನು ಒತ್ತಾಯಿಸಿದ ಕಡೆ ಇಂಜೆಕ್ಷನ್ ಬೇಗ ಹೋಯಿತು, ಒತ್ತಾಯಿಸದ ಕಡೆ ನಿಧಾನವಾಗಿ ಬಂತು. ಆಕ್ಸಿಜನ್ ಸೆನ್ಸರಿಗೂ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಸೀಸ ವಿಷವಿದ್ದಂತೆ. ಯುಎಇ ಸೀಸವಿಲ್ಲದ ಪೆಟ್ರೋಲಿಗೆ ಪೂರ್ತಿ ಬದಲಾದದ್ದು 2003ರ ಜನವರಿಯಲ್ಲಿ. ನಮ್ಮ ದೇಶದಲ್ಲಿ ನೂಕಿದ್ದು ನ್ಯಾಯಾಲಯ. ದೆಹಲಿಯ ಹೊಗೆಯ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ರಾಜಧಾನಿ ಪ್ರದೇಶಕ್ಕೆ ಯೂರೋ ಮಾನದಂಡಗಳನ್ನು ಕಡ್ಡಾಯ ಮಾಡಿತು. ಅದಾದ ಮೇಲೆ ಕಾರುಗಳ ಹಿಂಬದಿಯಲ್ಲಿ ‘ಎಂಪಿಎಫ್ಐ’ ಎಂಬ ನಾಲ್ಕಕ್ಷರ ಹೆಮ್ಮೆಯಿಂದ ಮಿಂಚಿದ್ದು ನೆನಪಿರಬಹುದು. ರಜೆಗೆ ಊರಿಗೆ ಹೋದಾಗ ಅದರ ಅರ್ಥವೇನೆಂದು ನೆಂಟರು ನಮ್ಮನ್ನು ಕೇಳುತ್ತಿದ್ದರು, ಗಲ್ಫಿನವರಿಗೆ ಗೊತ್ತಿರುತ್ತದೆಂದು. ನಾವೋ ಇಲ್ಲಿ ಚೋಕ್ ಎಳೆಯುತ್ತಿದ್ದೆವು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದು ಊರಿನ ಬೈಕುಗಳಿಗೂ ಇಂಜೆಕ್ಷನ್ ಹತ್ತಿತು.

ಮನೆಯಲ್ಲೇ ಇಂಜೆಕ್ಷನ್ ಹಾಕುವ ಹುಚ್ಚಿಗೂ ಒಂದು ಇಸವಿ ಇದೆ. 2001ರಲ್ಲಿ ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೋ ಮೆಗಾಸ್ಕ್ವಿರ್ಟ್ ಎಂಬ ಇಸಿಯು ಪೆಟ್ಟಿಗೆಯನ್ನು ಬಿಡಿಭಾಗಗಳ ಕಿಟ್ ಆಗಿ ಹೊರತಂದರು. ಕೊಂಡವರು ಮನೆಯಲ್ಲಿ ಕೂತು ಬೆಸುಗೆ ಹಾಕಬೇಕು, ಲ್ಯಾಪ್‌ಟಾಪಿನಲ್ಲಿ ಪೆಟ್ರೋಲಿನ ಕೋಷ್ಟಕ ತುಂಬಬೇಕು. ದೊಡ್ಡ ಕಂಪನಿಗಳ ಬೀಗದೊಳಗಿದ್ದ ವಿದ್ಯೆ ಹೀಗೆ ಬೀದಿಗೆ ಬಂತು. ನಮ್ಮಲ್ಲಿ ಇಬ್ಬರಿಗೆ ಅದರ ಆಸೆಯಿತ್ತು. ಬೇಡ ಎಂದು ಉಳಿದಿಬ್ಬರು ಹಠ ಹಿಡಿದದ್ದು ಒಳ್ಳೆಯದಾಯಿತು. ಇದೇ ಎಂಜಿನ್ನಿಗೆ ಆಮೇಲಿನ ವರ್ಷಗಳಲ್ಲಿ ಕಾರ್ಖಾನೆಯೇ ಇಂಜೆಕ್ಷನ್ ಕೊಟ್ಟಿತ್ತು. ಸನಾಯಾದ ಗುಜರಿ ಅಂಗಡಿಯೊಂದರಲ್ಲಿ ಜಪಾನಿನಿಂದ ಬಂದ ಹಾಫ್ ಕಟ್, ಅಂದರೆ ಮಧ್ಯಕ್ಕೆ ಕತ್ತರಿಸಿದ ಗಾಡಿಯ ಮುಂಭಾಗ, ಸಿಕ್ಕಿತು. ಗಾಳಿಕೊಳವೆ, ಆರು ಇಂಜೆಕ್ಟರ್, ಗಾಳಿ ಅಳೆಯುವ ಮೀಟರ್, ಡಿಸ್ಟ್ರಿಬ್ಯೂಟರ್, ಇಸಿಯು, ತುದಿಯಿಂದ ತುದಿಗೆ ವೈರಿಂಗ್ ಎಲ್ಲ ಅದರಲ್ಲೇ ಇತ್ತು. ಟ್ಯಾಂಕಿನ ಪಂಪ್ ಮಾತ್ರ ಬೇರೆ ಅಂಗಡಿಯಿಂದ. ವೈರಿಂಗ್ ಕತ್ತರಿಸದೆ ಇಡಿಯಾಗಿ ಕೊಡಿ ಎಂದು ಅಂಗಡಿಯವರನ್ನು ಒಪ್ಪಿಸುವುದಕ್ಕೇ ಮೂರು ಚಹಾ ಆಯಿತು.

ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವ ಕೆಲಸದ ವಿವರ ಇಲ್ಲಿ ಬೇಡ. ಅಪಾಯದ ವಿವರ ಹೇಳಲೇಬೇಕು. ಕಾರ್ಬೋರೇಟರಿನ ಪಂಪ್ ಕೊಡುವ ಒತ್ತಡ ಸುಮಾರು 0.3 ಬಾರ್. ಇಂಜೆಕ್ಷನ್ನಿಗೆ ಬೇಕಾದದ್ದು ಸುಮಾರು 3 ಬಾರ್, ಹತ್ತು ಪಟ್ಟು. ಪಂಪ್ ಟ್ಯಾಂಕಿನೊಳಗೆ ಕೂತು ಹೀರುವ ಬದಲು ನೂಕುತ್ತದೆ, ಹೆಚ್ಚಾದದ್ದು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ಒತ್ತಡದಲ್ಲಿ ಪೆಟ್ರೋಲ್ ಬೇಗ ಕುದಿಯುವುದಿಲ್ಲ, ಬಿಸಿಯಾಗಿ ನಿಲ್ಲುವುದೂ ಇಲ್ಲ. ಘಾಟಿಯ ಒದ್ದೆ ಬಟ್ಟೆಯ ರೋಗಕ್ಕೆ ಮದ್ದು ಇದು. ಆದರೆ ಈ ಹತ್ತು ಪಟ್ಟನ್ನು ಬಾಯಲ್ಲಿ ಹೇಳುತ್ತಿದ್ದ ನಾವೇ ಕೊನೆಯ ಒಂದು ಗೇಣು ಜಾಗದಲ್ಲಿ ಹಳೆಯ ರಬ್ಬರ್ ಪೈಪನ್ನೇ ಬಿಟ್ಟಿದ್ದೆವು. ‘ಒಂದು ವಾರಕ್ಕೆ ಸಾಕು’ ಎಂದುಕೊಂಡು. ಎಂಜಿನ್ ಎರಡನೆಯ ಸಲ ಎದ್ದಾಗ ಪೈಪ್ ಕ್ಲಿಪ್ಪಿನಿಂದ ಜಾರಿ ಬಿಸಿ ಎಗ್ಸಾಸ್ಟ್ ಕಡೆಗೆ ಪೆಟ್ರೋಲ್ ಮಂಜಿನಂತೆ ಚಿಮ್ಮಿತು. ಕೀ ಬಳಿ ಕೂತಿದ್ದವರು ತಕ್ಷಣ ಆಫ್ ಮಾಡಿದರು. ಬೆಂಕಿ ಹತ್ತಲಿಲ್ಲ. ಯಾರೂ ಮಾತಾಡಲಿಲ್ಲ. ಮಕ್ಕಳು ಅಂಗಳದ ಇನ್ನೊಂದು ತುದಿಯಲ್ಲಿ ಆಡುತ್ತಿದ್ದರು. ಅತ್ತಿಗೆ ಹೊರಗೆ ಬಂದು ನಮ್ಮ ಮುಖ ನೋಡಿ ಮಕ್ಕಳನ್ನು ಒಳಗೆ ಕರೆದುಕೊಂಡು ಹೋದರು. ಆ ದಿನದ ಕೆಲಸ ಅಲ್ಲಿಗೆ ನಿಂತಿತು.

ಮರುವಾರ ಟ್ಯಾಂಕಿನಿಂದ ಎಂಜಿನ್ ತನಕ ಇಂಜೆಕ್ಷನ್ ಒತ್ತಡಕ್ಕೆಂದೇ ಮಾಡಿದ ಹೋಸ್, ಅದಕ್ಕೆ ತಕ್ಕ ಕ್ಲಾಂಪ್ ಹಾಕಿದೆವು. ಎಂಜಿನ್ ನಿಂತರೆ ಪಂಪ್ ತಾನಾಗಿ ನಿಲ್ಲುವ ರಿಲೇ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಹತ್ತು ಸಲ ನೋಡಿದೆವು. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿಟ್ಟು, ಬ್ಯಾಟರಿ ಕಳಚಿ, ಲೈನಿನ ಒತ್ತಡ ಇಳಿಸಿದ ಮೇಲೆಯೇ ಯಾವ ಪೈಪಿಗೂ ಕೈ ಹಾಕುವುದು ಎಂದು ನಿಯಮವಾಯಿತು. ಇದನ್ನು ಓದಿ ಯಾರಾದರೂ ಈ ಕೆಲಸಕ್ಕೆ ಇಳಿಯುವುದಾದರೆ ಮೊದಲ ದಿರ್ಹಂ ಹೋಸಿಗೆ ಖರ್ಚು ಮಾಡಿ. ಎಂಜಿನ್ ಬದಲಿಸದಿದ್ದರೂ ಪರೀಕ್ಷಾ ಕೇಂದ್ರದಲ್ಲಿ ಮೊದಲೇ ವಿಚಾರಿಸಿ, ಒಪ್ಪಿಗೆ ಬೇಕಿದ್ದರೆ ತೆಗೆದುಕೊಳ್ಳಿ.

ಅಷ್ಟಾದರೂ ಗಾಡಿ ಸರಿಯಾಗಿ ಓಡಲಿಲ್ಲ. ತೈಲ ಕಂಪನಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿರುವ ನಮ್ಮವರೊಬ್ಬರು ಮಲ್ಟಿಮೀಟರ್ ಹಿಡಿದು ಕೂತು, ಇಸಿಯುವಿನ ಅರ್ಥ್ ವೈರಿನಲ್ಲಿ 0.8 ವೋಲ್ಟ್ ಕಳೆದುಹೋಗುತ್ತಿದೆ ಎಂದು ಹಿಡಿದರು. ಬಣ್ಣ ಕೆರೆದು ಬರಿ ಲೋಹಕ್ಕೆ ಬಿಗಿದಾಗ ಮಿಸ್ಸಿಂಗ್ ಹೋಯಿತು. ಆದರೂ ನ್ಯೂಟ್ರಲ್‌ನಲ್ಲಿ ನಿಂತಾಗ ಎಂಜಿನ್ ಏರುತ್ತಾ ಇಳಿಯುತ್ತಾ ಉಯ್ಯಾಲೆಯಾಡುತ್ತಿತ್ತು. ಪೆಟ್ಟಿಗೆಯ ಪಕ್ಕದ ಪುಟ್ಟ ದೀಪ ಮಿನುಗಿ ಹೇಳಿದ ಕೋಡ್‌ಗಳ ಪ್ರಕಾರ ಯಾವ ದೋಷವೂ ಇಲ್ಲ. ನಾವು ಎರಡು ರಜೆ ಸೆನ್ಸರ್‌ಗಳನ್ನು ಬದಲಿಸುತ್ತಾ ಕಳೆದೆವು, ಹಣವನ್ನೂ ಕಳೆದೆವು.

ಅಣ್ಣ ಅಷ್ಟು ದಿನ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಒಂದು ಸಂಜೆ ಎದ್ದು ಬಂದು, ‘ಹ್ವಾಯ್, ಅದ್ರ ಸ್ವರ ಕೇಣಿ ಮೊದ್ಲ್’ ಎಂದರು. ಒಂದು ಗೇಣಿನ ರಬ್ಬರ್ ನಳಿಗೆಯ ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಗಾಳಿಕೊಳವೆಯ ಸುತ್ತ ಓಡಿಸಿದರು. ಐದನೆಯ ಸಿಲಿಂಡರಿನ ಬಳಿ ಕೈ ನಿಂತಿತು. ಗ್ಯಾಸ್ಕೆಟ್ ಒಂದು ಕೂದಲೆಳೆಯಷ್ಟು ಮಡಚಿಕೊಂಡಿತ್ತು, ಅಲ್ಲಿಂದ ಗಾಳಿ ನುಗ್ಗುತ್ತಿತ್ತು. ಮೀಟರನ್ನು ದಾಟಿದ ಮೇಲೆ ಒಳಸೇರುವ ಗಾಳಿ ಪೆಟ್ಟಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಅದರ ಮಟ್ಟಿಗೆ ಎಲ್ಲ ಸರಿಯಾಗಿಯೇ ಇತ್ತು. 3000 ಸುತ್ತಿನಲ್ಲಿ ಒಂದೊಂದು ಸಿಲಿಂಡರ್ ಸೆಕೆಂಡಿಗೆ 25 ಸಲ ಉಸಿರೆಳೆಯುತ್ತದೆ. ಪ್ರತಿ ಉಸಿರಿಗೂ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕೆಂದು ಲೆಕ್ಕ ಹಾಕುವ ಯಂತ್ರ ಆ ಸಂದನ್ನು ಕಾಣಲಿಲ್ಲ. ಮೂವತ್ತು ವರ್ಷ ಕಾರ್ಬೋರೇಟರಿನ ಸ್ವರ ಕೇಳಿದ ಕಿವಿ ಕಂಡಿತು. ನಾವು ಇಂಜೆಕ್ಷನ್ ಹಾಕಿ ಆ ಕಿವಿಗೆ ಕೆಲಸ ತಪ್ಪಿಸುತ್ತಿದ್ದೇವೆ ಎಂಬ ಅಳುಕು ನಮ್ಮೊಳಗಿತ್ತು. ಅಣ್ಣನಿಗೆ ಅಂಥದ್ದೇನೂ ಇದ್ದಂತೆ ಕಾಣಲಿಲ್ಲ. ನಳಿಗೆ ಒರೆಸಿ ಜೇಬಿಗೆ ಹಾಕಿಕೊಂಡು ಚಹಾ ಕೇಳಿದರು. ಮರುದಿನದಿಂದ ನಮ್ಮಲ್ಲಿ ಕಿರಿಯವರಿಬ್ಬರನ್ನು ಕರೆದು, ಬೇಕೆಂದೇ ಒಂದೊಂದು ಹೋಸ್ ಸಡಿಲಿಸಿ, ಯಾವುದೆಂದು ಕಣ್ಣುಮುಚ್ಚಿ ಹೇಳಿಸುವ ಪಾಠ ಶುರುಮಾಡಿದರು. ನಾಟಕದ ತಾಲೀಮು ತಪ್ಪಿದ್ದು ಮುಖ್ಯವಾಗಿ ಆ ದಿನಗಳಲ್ಲಿ.

ಫೆಬ್ರವರಿಯಲ್ಲಿ ಗಾಡಿ ಪರೀಕ್ಷೆಯಲ್ಲಿ ಪಾಸಾಯಿತು. ಮುಲ್ಕಿಯಾ ಈಗ ನಮ್ಮಲ್ಲೊಬ್ಬರ ಹೆಸರಿನಲ್ಲಿದೆ. ಮರಳಿಗೂ ಹೋಗಿಬಂದೆವು. ದಿಬ್ಬದ ನೆತ್ತಿಯಲ್ಲಿ ಎಂಜಿನ್ ಉಗ್ಗಲಿಲ್ಲ. ಆದರೆ ಟ್ಯಾಂಕ್ ಕಾಲುಭಾಗಕ್ಕಿಂತ ಕಡಿಮೆಯಿದ್ದಾಗ ಇಳಿಜಾರಿನಲ್ಲಿ ಪೆಟ್ರೋಲ್ ಪಕ್ಕಕ್ಕೆ ಸರಿದು ಪಂಪ್ ಗಾಳಿ ಕುಡಿಯುತ್ತದೆ ಎಂಬ ಹೊಸ ಪಾಠವೂ ಆಯಿತು. ಫ್ಲೋಟಿನ ತೊಂದರೆ ತಪ್ಪಿತೆಂದು ಹಿಗ್ಗಿದ್ದೆವು, ಅದು ಎಂಜಿನ್ನಿನಿಂದ ಟ್ಯಾಂಕಿಗೆ ಮನೆ ಬದಲಿಸಿತ್ತು ಅಷ್ಟೆ. ಟ್ಯಾಂಕಿನೊಳಗೆ ತಡೆತಟ್ಟೆ ಹಾಕಿಸುವುದು ಬರುವ ಚಳಿಗಾಲದ ಕೆಲಸ.

ಅಣ್ಣ ಊರಿಗೆ ಹೊರಡುವ ಹಿಂದಿನ ಬೆಳಿಗ್ಗೆ ಒಮ್ಮೆ ಸ್ಟಾರ್ಟ್ ಮಾಡಿ ನೋಡುತ್ತೇನೆಂದು ಸೀಟಿಗೆ ಏರಿದರು. ಬಲಗೈ ಕೀ ಹಿಡಿಯುವ ಮೊದಲೇ ಎಡಗೈ ಚೋಕ್ ಗುಬುಟಿನ ಕಡೆಗೆ ಹೋಯಿತು. ಅದು ಈಗ ಯಾವುದಕ್ಕೂ ಜೋಡಿಸಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ತೂತು ಕಾಣಬಾರದೆಂದು ಹಾಗೇ ಬಿಟ್ಟಿದ್ದೆವು. ಅವರು ಅದನ್ನು ಪೂರ್ತಿ ಎಳೆದು ಕೀ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಸ್ವಲ್ಪ ಹೊತ್ತು ಕೇಳಿ, ಮೊದಲಿನ ಅಭ್ಯಾಸದಂತೆಯೇ, ಗುಬುಟನ್ನು ನಿಧಾನವಾಗಿ ಒಳಗೆ ತಳ್ಳಿದರು.